ಕೀಲಿಕೈ ನಮ್ಮ ಹತ್ತಿರಾನೇ ಇರಲಿ

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಹತ್ತಿ ಸೀಸನ್‌ನಲ್ಲಿ ರೈತರ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲಾ ಸ್ಕ್ಯಾನ್ ಆಗಿ ಕ್ಲೌಡ್ ಡ್ರೈವ್‌ಗೆ ಹೋಗುತ್ತವೆ, ಸಂಜೆ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನ ಬ್ಯಾಕಪ್ಪೂ ಅಲ್ಲಿಗೇ. ಹೋದ ವರ್ಷ ಒಬ್ಬರಿಗೆ ಆ ಫೋಲ್ಡರಿನ ಲಿಂಕ್ ಕಳಿಸಿದೆ. ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಸೆಟ್ ಆಗಿದ್ದದ್ದನ್ನು ಗಮನಿಸಲಿಲ್ಲ. ಎರಡು ದಿನಕ್ಕೆ ರೈತರೊಬ್ಬರ ಮಗನ ಫೋನ್ ಬಂತು: "ಅಣ್ಣಾ, ನಮ್ಮಪ್ಪನ ಪಾಸ್‌ಬುಕ್ ಯಾವ್ದೋ ಗ್ರೂಪಿನ್ಯಾಗ ಬಂದೈತಲ್ರೀ." ನಂಬಿ ಕೊಟ್ಟ ಕಾಗದ ಅದು. ತುಂಬಾ ನೋವಾಯಿತು.

ಕ್ಲೌಡ್ ಕಂಪನಿಯವರೇ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿಕೈ ಇಲ್ಲದೆ ಓದಲಾಗದ ಹಾಗೆ ಬದಲಿಸಿ ಇಡುತ್ತಾರಲ್ಲ ಅಂತ ನಾನು ಸುಮ್ನೆ ಇದ್ದೆ. ಮಾಡುತ್ತಾರೆ, ಸುಳ್ಳಲ್ಲ. ಆದರೆ ಕೀಲಿಕೈ ಅವರ ಹತ್ತಿರ ಇರುತ್ತದೆ, ಡಿಸ್ಕ್ ಕದ್ದವನಿಗೆ ಏನೂ ಸಿಗಲ್ಲ, ಆದರೆ ನಮ್ಮ ಲಾಗಿನ್ನೋ ಲಿಂಕೋ ಸಿಕ್ಕವನಿಗೆ ಸರ್ವರೇ ಬಿಚ್ಚಿ ಕೊಡುತ್ತದೆ. ಇಂಟರ್ನೆಟ್‌ನಲ್ಲಿ ಫೈಲು ಹೋಗುವಾಗ ಬೀಳುವ ಟಿಎಲ್‌ಎಸ್ ಅನ್ನೋ ಬೀಗ ಕಾಯುವುದೂ ದಾರಿಯಲ್ಲಿ ಮಾತ್ರ. ಅಂದರೆ ಫೈಲು ನಮ್ಮ ಕಂಪ್ಯೂಟರ್ ಬಿಡುವ ಮುಂಚೆಯೇ ಬೀಗ ಬೀಳಬೇಕು, ಅಲ್ವಾ?

ಮೊದಲು ಫೈಲುಗಳನ್ನು ಒಂದೇ ಗಂಟು ಕಟ್ಟುವ 7-ಜಿಪ್ ಸಾಫ್ಟ್‌ವೇರಿನಲ್ಲಿ ಪಾಸ್‌ವರ್ಡ್ ಹಾಕಿದೆ. ಅದರಲ್ಲಿ ಜಿಪ್ ಮಾದರಿ ಆರಿಸಿದರೆ ಹಳೆಯ, ದುರ್ಬಲವಾದ ಜಿಪ್‌ಕ್ರಿಪ್ಟೋ ಬೀಗ ಬರುತ್ತದೆ, ಎಇಎಸ್-256 ಅನ್ನೋ ಗಟ್ಟಿ ಬೀಗಕ್ಕೆ ನಾವೇ ಬದಲಿಸಬೇಕು. ಆದರೂ ಒಂದು ಪಹಣಿ ಸೇರಿಸಿದರೆ ಇಡೀ ಗಂಟು ಮತ್ತೆ ಅಪ್‌ಲೋಡ್. ಕೊನೆಗೆ, ಕ್ಲೌಡಿಗೆ ಹೋಗುವ ಮುಂಚೆಯೇ ಫೈಲಿಗೆ ಬೀಗ ಹಾಕುವ ಕ್ರಿಪ್ಟೊಮೇಟರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆ. ಕಂಪ್ಯೂಟರಿಗೆ ಉಚಿತ, ಬೀಗ ಅದೇ ಎಇಎಸ್-256, ಅಮೆರಿಕ ಸರ್ಕಾರ 2001ರಲ್ಲಿ ಎಇಎಸ್ ಅನ್ನು ತನ್ನ ಮಾನದಂಡ ಮಾಡಿಕೊಂಡಿತು. ಇದರಲ್ಲಿ ಒಂದೊಂದು ಫೈಲಿಗೂ ಬೇರೆ ಬೇರೆ ಬೀಗ ಬೀಳುವುದರಿಂದ ಬದಲಾದದ್ದು ಮಾತ್ರ ಮೇಲೆ ಹೋಗುತ್ತದೆ. ಬ್ರೌಸರಿನಲ್ಲಿ ಡ್ರೈವ್ ತೆರೆದು ನೋಡಿದೆ. ರೈತರ ಹೆಸರಿದ್ದ ಕಡೆ ಉದ್ದುದ್ದ ಅರ್ಥವಿಲ್ಲದ ಅಕ್ಷರಗಳು, ಕೊನೆಗೊಂದು ಡಾಟ್ ಸಿ9ಆರ್. ಎಷ್ಟು ಫೈಲಿವೆ, ಎಷ್ಟು ದೊಡ್ಡವು, ಯಾವಾಗ ಬದಲಾದವು ಅನ್ನೋದು ಮಾತ್ರ ಕಾಣುತ್ತದೆ. ಹಳೆಯ ತೆರೆದ ಫೈಲುಗಳನ್ನು ಅಳಿಸಿ ಟ್ರ್ಯಾಶನ್ನೂ ಖಾಲಿ ಮಾಡಿದೆ, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಸಾವ್ಕಾರ್ರು ಕೇಳಿದ್ದು ಒಂದೇ: "ನೀ ಊರಿಗೆ ಹೋದ್ರ ಲೆಕ್ಕ ಯಾರು ತೆಗೀಬೇಕಪಾ?" ಸರಿಯಾದ ಪ್ರಶ್ನೆ. ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆರೆದುಕೊಡಲಾರರು. ರಿಕವರಿ ಕೀ ಅಂತ ಒಂದು ಪದಗಳ ಸಾಲು ಕೊಡುತ್ತದೆ, ಅದನ್ನು ಕೈಯಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಅವರ ತಿಜೋರಿಯಲ್ಲಿಟ್ಟೆ. ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಅವರ ಲ್ಯಾಪ್‌ಟಾಪಿನಲ್ಲಿ ಆ ಕಾಗದ ನೋಡಿಕೊಂಡೇ ತೆರೆಯಲು ಕೂತೆವು. ತೆರೆಯಲಿಲ್ಲ. ಒಂದು ಪದದಲ್ಲಿ ಒಂದಕ್ಷರ ತಪ್ಪು ಬರೆದಿದ್ದೆ. ಅವತ್ತೇ ಪ್ರಿಂಟ್ ತೆಗೆದು ಲಕೋಟೆ ಬದಲಿಸಿದೆ.