ಮೈಸೂರಿನಿಂದ ಕವ್ವಾಯಿ ಹಿನ್ನೀರಿಗೆ: ಆರು ದಿನದ ಸೈಕಲ್ ಪ್ರವಾಸಕ್ಕೆ ತಯಾರಿ

ದಕ್ಷಿಣದ ಬೆಟ್ಟ, ತೋಟ, ಹಿನ್ನೀರು ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕೆಂದರೆ ಹೆಚ್ಚಿನವರು ಮುನ್ನಾರ್ ಮತ್ತು ಆಲಪ್ಪುಳದ ಕಡೆ ಹೊರಡುತ್ತಾರೆ. ಕರ್ನಾಟಕದಿಂದ ಹೊರಡುವವರಿಗೆ ಅದಕ್ಕಿಂತ ಹತ್ತಿರದ, ಪ್ರವಾಸಿ ವಾಹನಗಳ ಕಾಟವೂ ಕಡಿಮೆ ಇರುವ ದಾರಿಯೊಂದಿದೆ. ಮೈಸೂರು, ಕುಶಾಲನಗರ, ಸಿದ್ದಾಪುರ, ವಿರಾಜಪೇಟೆ ದಾಟಿ ಮಾಕುಟ್ಟ ಘಟ್ಟ ಇಳಿದರೆ ಇರಿಟ್ಟಿ, ಮಟ್ಟನ್ನೂರು, ಕಣ್ಣೂರು. ಅಲ್ಲಿಂದ ಪಯ್ಯನ್ನೂರು, ಕವ್ವಾಯಿ ಹಿನ್ನೀರು, ನೀಲೇಶ್ವರ, ಬೇಕಲ, ಕಾಸರಗೋಡು. ಒಟ್ಟು ಸುಮಾರು 350 ಕಿ.ಮೀ. ಕಷ್ಟದ ಏರು ಕಡಿಮೆ, ಉದ್ದದ ಇಳಿಜಾರು ಒಂದೇ. ಕೊನೆಗೆ ತಲುಪುವುದು ಕನ್ನಡದ ಬೋರ್ಡುಗಳು ಕಾಣುವ ಊರಿಗೆ.

ಈ ದಾರಿಯಲ್ಲಿ ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿ ಹೊರಡುವವರು ತೊಂದರೆಗೆ ಸಿಕ್ಕುತ್ತಾರೆ. ಇಲ್ಲಿ ಮುಖ್ಯ ದೂರವಲ್ಲ, ಹೊತ್ತು. ಕೊಡಗಿನಲ್ಲಿ ಬೆಳಗಿನ ಮತ್ತು ಸಂಜೆಯ ಹೊತ್ತು ಆನೆಗಳದ್ದು. ಘಟ್ಟದಲ್ಲಿ ಬೆಳಗ್ಗೆ ಮಂಜು ಕವಿದಿರುತ್ತದೆ, ಕರಾವಳಿಯಲ್ಲಿ ಹನ್ನೊಂದರ ನಂತರ ಬಿಸಿಲು ಸುಡುತ್ತದೆ. ಹಾಗಾಗಿ ಕೊಡಗಿನಲ್ಲಿ ತಡವಾಗಿ ಹೊರಟು ಬೇಗ ತಲುಪಬೇಕು, ಕೇರಳದಲ್ಲಿ ಬೆಳಕು ಹರಿಯುತ್ತಿದ್ದಂತೆ ಹೊರಟು ಮಧ್ಯಾಹ್ನಕ್ಕೆ ಮುಂಚೆ ನಿಲ್ಲಬೇಕು. ಉಳಿದೆಲ್ಲ ಯೋಜನೆ ಇದಕ್ಕೆ ಹೊಂದಿಕೊಂಡು ನಡೆಯಲಿ.

ಯಾವ ತಿಂಗಳು

ನವೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ. ಅಕ್ಟೋಬರ್‌ನಲ್ಲಿ ಕೇರಳದ ಕಡೆ ಮಧ್ಯಾಹ್ನ ಗುಡುಗು ಮಳೆ ಬರುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡವೇ ಬೇಡ. 2018ರ ಮಳೆಯಲ್ಲಿ ಮಾಕುಟ್ಟ ರಸ್ತೆಯ ಉದ್ದಕ್ಕೂ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಆಮೇಲೂ ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬರುತ್ತಲೇ ಇದೆ.

ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕೊಯ್ಲು ಶುರುವಾಗುತ್ತದೆ. ತೋಟದ ಕಣಗಳಲ್ಲಿ ಕಾಫಿ ಹರಡಿರುತ್ತದೆ, ನೋಡಲು ಚೆಂದ. ಆದರೆ ಅದೇ ಹೊತ್ತಿಗೆ ಕೆಲಸದವರನ್ನು, ಮೂಟೆಗಳನ್ನು ಸಾಗಿಸುವ ಪಿಕಪ್, ಜೀಪುಗಳು ಕಿರಿದಾದ ರಸ್ತೆಯಲ್ಲಿ ಓಡಾಡುತ್ತಿರುತ್ತವೆ. ಕಾಫಿ ಹೂ ನೋಡಬೇಕಿದ್ದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್. ಮಳೆ ಬಾರದಿದ್ದರೆ ಹೂವಿಗಾಗಿ ತೋಟದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಅದರ ನೀರು ರಸ್ತೆಗೂ ಬಿದ್ದು, ಟ್ರ್ಯಾಕ್ಟರ್ ಗಾಲಿ ತಂದ ಕೆಮ್ಮಣ್ಣಿನ ಜೊತೆ ಸೇರಿ ತಿರುವಿನಲ್ಲಿ ಜಾರುತ್ತದೆ. ಬಿಸಿಲಿನ ದಿನವೂ ತೋಟದ ಗೇಟಿನ ಎದುರು ವೇಗ ತಗ್ಗಿಸಿ. ಕ್ರಿಸ್ಮಸ್ ವಾರ ಮತ್ತು ಸಾಲು ರಜೆಗಳಲ್ಲಿ ಕೊಡಗಿನ ರಸ್ತೆಗಳು ಕಾರುಗಳಿಂದ ತುಂಬುತ್ತವೆ, ಆ ದಿನಗಳನ್ನು ಬಿಟ್ಟುಬಿಡಿ.

ಸೈಕಲ್

ದುಬಾರಿ ಸೈಕಲ್ ಬೇಕಿಲ್ಲ, ಸರಿಯಾದ ಗೇರು ಬೇಕು. ಅತಿ ಹಗುರದ ಗೇರಿನಲ್ಲಿ ಮುಂದಿನ, ಅಂದರೆ ಪೆಡಲಿನ ಬಳಿಯ ಹಲ್ಲುಚಕ್ರದ ಹಲ್ಲುಗಳು ಹಿಂದಿನ ಗಾಲಿಯ ಹಲ್ಲುಚಕ್ರಕ್ಕೆ ಸಮ ಅಥವಾ ಕಡಿಮೆ ಇರಲಿ. ಮುಂದೆ 34, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು ಏಳೂವರೆ ಕಿ.ಮೀ. ಸಾಗುತ್ತೀರಿ. ಸಾಮಾನು ಹೇರಿಕೊಂಡು ಕಡಿದಾದ ಏರಿನಲ್ಲಿ ಆರಾಮಾಗಿ ಹೋಗಬಹುದಾದ ವೇಗ ಅದು. ರೋಡ್ ಬೈಕಿನ 34–28 ಜೋಡಿಯಲ್ಲಿ ಅದೇ ಏರಿಗೆ ಎದ್ದು ನಿಂತು ತುಳಿಯಬೇಕಾಗುತ್ತದೆ, ಎರಡನೇ ದಿನಕ್ಕೇ ಮಂಡಿ ನೋವು ಬರುತ್ತದೆ. ಮುಂದೆ ಮೂರು ಹಲ್ಲುಚಕ್ರವಿರುವ ಸಾಧಾರಣ 21 ಗೇರಿನ ಹೈಬ್ರಿಡ್ ಸೈಕಲ್ಲಿನಲ್ಲಿ 24–28 ಸಿಗುತ್ತದೆ. ಈ ದಾರಿಗೆ ಅದು ಧಾರಾಳ ಸಾಕು.

ಟೈರು 35ರಿಂದ 40 ಮಿ.ಮೀ. ಅಗಲದ್ದಿರಲಿ. ಸವಾರರು 70–80 ಕೆ.ಜಿ. ಇದ್ದರೆ 50–55 ಪಿಎಸ್‌ಐ ಗಾಳಿ, ಸಾಮಾನಿನ ಭಾರ ಹಿಂದೆ ಬೀಳುವುದರಿಂದ ಹಿಂದಿನ ಗಾಲಿಗೆ ಐದು ಹೆಚ್ಚು. ಸಾಮಾನು ಎಂಟರಿಂದ ಹತ್ತು ಕೆ.ಜಿ. ಮೀರಬಾರದು. ಮೀರಿದರೆ ಮೊದಲು ತುಂಡಾಗುವುದು ಹಿಂದಿನ ಗಾಲಿಯ ಕಡ್ಡಿ, ಅದೂ ಸಾಮಾನ್ಯವಾಗಿ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಇರುವ ಬದಿಯದು. ಆ ಬದಿಯಲ್ಲಿ ಕಡ್ಡಿಗಳು ಹೆಚ್ಚು ಬಿಗಿಯಾಗಿರುತ್ತವೆ. ಫ್ರೀವೀಲ್ ಬಿಚ್ಚದೆ ಹೊಸ ಕಡ್ಡಿ ಹಾಕಲಾಗದು, ಬಿಚ್ಚುವ ಟೂಲ್ ಸಣ್ಣ ಊರಿನ ಅಂಗಡಿಯಲ್ಲಿ ನಿಮ್ಮ ಫ್ರೀವೀಲ್‌ಗೆ ಹೊಂದುತ್ತದೆನ್ನುವ ಖಾತ್ರಿಯಿಲ್ಲ. ನಿಮ್ಮ ಗಾಲಿಯ ಅಳತೆಯ ಮೂರು ಕಡ್ಡಿ, ಫ್ರೀವೀಲ್ ಬಿಚ್ಚುವ ಟೂಲ್, ಕಡ್ಡಿ ಬಿಗಿಸುವ ಕೀಲಿ ಜೊತೆಗಿರಲಿ. ಕಡ್ಡಿಗಳನ್ನು ಫ್ರೇಮಿಗೆ ಟೇಪಿನಿಂದ ಅಂಟಿಸಿಕೊಂಡರೆ ಬಾಗುವುದಿಲ್ಲ.

ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್, ಮೂರು ಟೈರ್ ಲಿವರ್, ಕೈಪಂಪು, ಚೈನ್ ಕಟರ್, ಒಂದು ಜೋಡಿ ಹೊಸ ಬ್ರೇಕ್ ಪ್ಯಾಡು, ಸಣ್ಣ ಬಾಟಲಿ ಚೈನ್ ಎಣ್ಣೆ ಇರಲಿ. ನಿಮ್ಮ ಟ್ಯೂಬಿನದು ತೆಳುವಾದ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ತಪ್ಪದೆ ಇಟ್ಟುಕೊಳ್ಳಿ. ಪೆಟ್ರೋಲ್ ಬಂಕಿನ ಗಾಳಿ ಬೈಕು, ಕಾರಿನ ವಾಲ್ವಿಗಷ್ಟೇ ಹೊಂದುತ್ತದೆ.

ಮೈಸೂರಿನಿಂದ ವಿರಾಜಪೇಟೆ

ಮೊದಲ ದಿನ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರ, ಸುಮಾರು 85 ಕಿ.ಮೀ. ಏರು ಹೆಚ್ಚಿಲ್ಲ, ಆದರೆ ಹೆದ್ದಾರಿಯ ವಾಹನ ಜಾಸ್ತಿ. ಬೆಳಗ್ಗೆ ಆರಕ್ಕೆ ಹೊರಟು ಹುಣಸೂರಿನಲ್ಲಿ ತಿಂಡಿ ಮುಗಿಸಿದರೆ ಸುಲಭ. ನಕ್ಷೆ ನೋಡಿದವರಿಗೆ ಹುಣಸೂರಿನಿಂದ ತಿತಿಮತಿ ಮೂಲಕ ಗೋಣಿಕೊಪ್ಪಕ್ಕೆ ಹೋಗುವ ದಾರಿ ಹತ್ತಿರ ಅನ್ನಿಸುತ್ತದೆ. ಅದು ಮತ್ತಿಗೋಡು ಆನೆ ಶಿಬಿರದ ಪಕ್ಕ ಕಾಡಿನೊಳಗೇ ಸಾಗುತ್ತದೆ, ಸೈಕಲ್ಲಿಗೆ ಅದನ್ನು ನಾವು ಶಿಫಾರಸು ಮಾಡುವುದಿಲ್ಲ.

ಎರಡನೇ ದಿನ ಕುಶಾಲನಗರದಿಂದ ಗುಡ್ಡೆಹೊಸೂರಿಗೆ ಬಂದು ಎಡಕ್ಕೆ ತಿರುಗಿ, ನಂಜರಾಯಪಟ್ಟಣ, ದುಬಾರೆಯ ಪಕ್ಕದಿಂದ ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ. ಐವತ್ತೈದು ಕಿ.ಮೀ. ಎಂದರೆ ಅರ್ಧ ದಿನದ ಕೆಲಸ ಅನ್ನಿಸಬಹುದು. ಎರಡೂ ತುದಿಯ ಊರುಗಳ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿಲ್ಲದಿದ್ದರೂ ನಡುವೆ ರಸ್ತೆ ಇಳಿಯುತ್ತಲೂ ಏರುತ್ತಲೂ ಇರುತ್ತದೆ. ಪ್ರತಿ ಏರೂ ಚಿಕ್ಕದು, ಆದರೆ ಅವು ಮುಗಿಯುವುದೇ ಇಲ್ಲ. ಇಳಿಜಾರಿನ ಕೊನೆಯಲ್ಲಿ, ತುಳಿತ ಭಾರವಾಗುವ ಮುಂಚೆಯೇ ಗೇರು ಇಳಿಸಿಕೊಳ್ಳಿ. ಏರಿನ ಮಧ್ಯದಲ್ಲಿ ಒತ್ತಿ ತುಳಿಯುತ್ತಾ ಗೇರು ಬದಲಿಸಿದರೆ ಚೈನು ಬೀಳುತ್ತದೆ, ಇಲ್ಲವೇ ತುಂಡಾಗುತ್ತದೆ.

ಈ ಪ್ರವಾಸದ ಅತಿ ಸುಂದರ ಭಾಗ ಇದೇ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಲ್ಲಿ ಎರಡೂ ಕಡೆ ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು. ಆನೆಗಳು ಅತಿ ಹೆಚ್ಚು ಓಡಾಡುವುದೂ ಇಲ್ಲೇ. ಸಿದ್ದಾಪುರ, ಅಮ್ಮತ್ತಿ ಸುತ್ತಲಿನ ತೋಟಗಳಲ್ಲಿ ಆನೆಗಳು ಹಗಲಲ್ಲೂ ಬೀಡುಬಿಟ್ಟಿರುತ್ತವೆ. ಸೈಕಲ್ ಸದ್ದು ಮಾಡುವುದಿಲ್ಲ ಎನ್ನುವುದೇ ಇಲ್ಲಿ ದೊಡ್ಡ ಅಪಾಯ. ಕಾರು ಬರುವುದು ಆನೆಗೆ ದೂರದಿಂದಲೇ ಗೊತ್ತಾಗುತ್ತದೆ, ನೀವು ತಿರುವು ದಾಟಿ ಎದುರಿಗೆ ಬಂದು ನಿಂತಾಗಲೇ ಅದಕ್ಕೆ ತಿಳಿಯುವುದು. ಬೆಳಗ್ಗೆ ಎಂಟಕ್ಕೆ ಮುಂಚೆ ಹೊರಡಬೇಡಿ, ಸಂಜೆ ನಾಲ್ಕರ ಹೊತ್ತಿಗೆ ಉಳಿಯುವ ಜಾಗದಲ್ಲಿರಿ. ಕಾಣದ ತಿರುವಿಗೆ ಮುಂಚೆ ಬೆಲ್ ಹೊಡೆಯಿರಿ, ಇಬ್ಬರಿದ್ದರೆ ಗಟ್ಟಿಯಾಗಿ ಮಾತಾಡುತ್ತಾ ಹೋಗಿ. ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ, ಬಾಗಿದ ಬೇಲಿ ಕಂಡರೆ ನಿಂತುಬಿಡಿ. ಆನೆಯೇ ಕಂಡರೆ ಬೆಲ್, ಕೂಗು, ಮೊಬೈಲ್ ಫೋಟೊ ಎಲ್ಲವನ್ನೂ ಬಿಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಬಸ್ಸೋ ಜೀಪೋ ಬರುವವರೆಗೆ ಕಾಯಿರಿ. ಪಕ್ಕದಿಂದ ವೇಗವಾಗಿ ದಾಟಿಬಿಡಬಹುದು ಎಂದುಕೊಳ್ಳಬೇಡಿ. ಏರು ರಸ್ತೆಯಲ್ಲಿ ಸೈಕಲ್ಲಿಗಿಂತ ಆನೆಯ ಓಟವೇ ಜೋರು.

ಹೋಂಸ್ಟೇ ಗೊತ್ತುಮಾಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ಬೇರೆ: ಡಾಂಬರು ರಸ್ತೆಯಿಂದ ಮನೆಗೆ ಎಷ್ಟು ದೂರ? ಕೆಲವು ಮನೆಗಳು ಎರಡು ಮೂರು ಕಿ.ಮೀ. ಮಣ್ಣಿನ ದಾರಿಯಲ್ಲಿ ತೋಟದ ಒಳಗಿರುತ್ತವೆ. ದಿನದ ಕೊನೆಗೆ, ಕತ್ತಲಾಗುತ್ತಿರುವಾಗ ಆ ದಾರಿ ಸೈಕಲ್ಲಿಗಲ್ಲ. ಹೊರಡುವ ದಿನ ಬೆಳಗ್ಗೆ ಮನೆಯವರನ್ನು ಆನೆ ಯಾವ ಕಡೆ ಇದೆ ಎಂದು ಕೇಳಿ. ತೋಟದವರ ನಡುವೆ ಆ ಸುದ್ದಿ ರಾತ್ರಿಯೇ ಹರಡಿರುತ್ತದೆ. ಕೇಳದೆ ಯಾರ ತೋಟದೊಳಕ್ಕೂ ಇಳಿಯಬೇಡಿ. ಕಾಫಿ, ಮೆಣಸಿನ ಕೊಯ್ಲಿನ ಕಾಲದಲ್ಲಿ ಕಳವಿನ ಭಯ ಎಲ್ಲರಿಗೂ ಇರುತ್ತದೆ.

ಮಾಕುಟ್ಟ ಘಟ್ಟ

ವಿರಾಜಪೇಟೆಯಿಂದ ಪೆರುಂಬಾಡಿಗೆ ಏಳೆಂಟು ಕಿ.ಮೀ. ಅಲ್ಲಿಂದ ಇಪ್ಪತ್ತು ಕಿ.ಮೀ. ಹತ್ತಿರ ಬ್ರಹ್ಮಗಿರಿ ವನ್ಯಧಾಮದ ಕಾಡು. ಅಂಗಡಿಯಿಲ್ಲ, ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಬಾಟಲಿ ತುಂಬಿಸಿಕೊಂಡು, ಎಲ್ಲಿದ್ದೀರೆಂದು ಮನೆಗೆ ಒಂದು ಸಂದೇಶ ಕಳಿಸಿ ಪೆರುಂಬಾಡಿ ಬಿಡಿ. ಇಳಿಯಲು ಶುರುಮಾಡುವುದು ಮಂಜು ಎದ್ದ ಮೇಲೆ, ಎಂಟೂವರೆಯ ಸುಮಾರಿಗೆ. ಬೇಗ ಇಳಿದರೆ ತೇವದ ಎಲೆಗಳ ಮೇಲೆ ಟೈರು ಜಾರುತ್ತದೆ, ಎದುರಿನ ಬಸ್ಸಿಗೂ ನೀವು ಕಾಣುವುದಿಲ್ಲ.

ಹಿಂದಿನ ರಾತ್ರಿಯೇ ಬ್ರೇಕ್ ನೋಡಿಕೊಳ್ಳಿ. ರಿಮ್ ಬ್ರೇಕಿನ ಶೂ ಮೇಲಿನ ಗೆರೆಗಳು ಸವೆದು ಮಾಯವಾಗಿದ್ದರೆ ಬದಲಿಸಿ. ಡಿಸ್ಕ್ ಪ್ಯಾಡಿನ ಪದರ ಒಂದು ಮಿ.ಮೀ.ಗಿಂತ ತೆಳುವಾಗಿದ್ದರೂ ಬದಲಿಸಿ. ಉದ್ದದ ಇಳಿಜಾರಿನಲ್ಲಿ ಎಲ್ಲರೂ ಮಾಡುವ ತಪ್ಪು ಬ್ರೇಕನ್ನು ಒಂದೇ ಸಮನೆ ಸ್ವಲ್ಪ ಸ್ವಲ್ಪ ಹಿಡಿದೇ ಇರುವುದು. ಆಗ ರಿಮ್ಮು ಕಾಯುತ್ತಾ ಹೋಗಿ ಟ್ಯೂಬು ಒಡೆಯಬಹುದು, ಡಿಸ್ಕ್ ಆದರೆ ಹಿಡಿತ ಸಡಿಲವಾಗುತ್ತದೆ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ತಿರುವಿನೊಳಗೆ ಮುಂದಿನ ಬ್ರೇಕ್ ಹಿಡಿದರೆ ಮಣ್ಣಿನ ಮೇಲೆ ಬೀಳುವುದು ಖಂಡಿತ. ನಾಲ್ಕೈದು ಕಿ.ಮೀ.ಗೊಮ್ಮೆ ಅಗಲವಾದ ಜಾಗದಲ್ಲಿ ನಿಂತು ತಣಿಸಿ. ನೀರು ಸುರಿದು ತಣಿಸುವುದು ಬೇಡ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಬಸ್ಸುಗಳು ಹಿಮ್ಮುರಿ ತಿರುವಿನಲ್ಲಿ ಇಡೀ ರಸ್ತೆ ತುಂಬಿಕೊಂಡು ತಿರುಗುತ್ತವೆ. ಹಾರ್ನ್ ಕೇಳಿದರೆ ತಿರುವಿಗೆ ಮುಂಚೆಯೇ ಎಡಕ್ಕೆ ನಿಲ್ಲಿ.

ಕೂಟುಪುಳ ಸೇತುವೆ ದಾಟಿದರೆ ಕೇರಳ. ಘಟ್ಟ ಇಳಿದ ಮೇಲೆ ಸಮುದ್ರದವರೆಗೆ ಸಮತಟ್ಟು ಎಂದು ನಂಬಿ ಅಂದೇ ಕಣ್ಣೂರು ಮುಟ್ಟಲು ಹೊರಡುವವರು ಇರಿಟ್ಟಿಯ ಆಚೆ ಸೋಲುತ್ತಾರೆ. ಅಲ್ಲಿಂದ ಮಟ್ಟನ್ನೂರಿನವರೆಗೆ ಮುರಕಲ್ಲಿನ ಗುಡ್ಡಗಳು, ಚಿಕ್ಕದಾದರೂ ಕಡಿದಾದ ಏರುಗಳು, ರಬ್ಬರ್ ತೋಟಗಳು. ಕೊಡಗಿನ ತಂಪಿನಿಂದ ಬಂದ ಮೈಗೆ ಮಧ್ಯಾಹ್ನದ ಸೆಕೆ ತಡೆಯುವುದಿಲ್ಲ. ಮಟ್ಟನ್ನೂರಿನಲ್ಲೇ ರಾತ್ರಿ ಉಳಿಯಿರಿ, ದಿನದ ಲೆಕ್ಕ ಸುಮಾರು 60 ಕಿ.ಮೀ.

ಕಡಲು, ಹಿನ್ನೀರು

ಇಲ್ಲಿಂದ ಮುಂದೆ ಬೆಳಗ್ಗೆ ಆರಕ್ಕೆ ಹೊರಡಿ, ಹನ್ನೊಂದಕ್ಕೆ ನಿಲ್ಲಿ. ಗಂಟೆಗೆ ಮುಕ್ಕಾಲು ಲೀಟರ್ ನೀರು ಬೇಕು. ಬರೀ ನೀರು ಕುಡಿದರೆ ಉಪ್ಪು ಕಡಿಮೆಯಾಗಿ ಕಾಲು ಹಿಡಿದುಕೊಳ್ಳಬಹುದು. ಉಪ್ಪು ಹಾಕಿದ ನಿಂಬೆ ಸೋಡಾ, ಮಜ್ಜಿಗೆ, ಗಂಜಿ ಎಲ್ಲ ಕಡೆ ಸಿಗುತ್ತದೆ. ಬೆಳಗಿನ ತಿಂಡಿಗೆ ಪುಟ್ಟು ಕಡಲೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಹಲವು ಹೋಟೆಲು ಮುಚ್ಚುತ್ತವೆ, ಹರತಾಳದ ದಿನ ಏನೂ ತೆರೆಯದಿರಬಹುದು. ಬಾಳೆಹಣ್ಣು, ಕಡಲೆ ಮಿಠಾಯಿ ಬ್ಯಾಗಿನಲ್ಲಿರಲಿ.

ರಸ್ತೆಗಳು ಕಿರಿದು, ಡಾಂಬರಿನ ಅಂಚು ಕೆಲವೆಡೆ ಅರ್ಧ ಅಡಿ ಕೆಳಗಿಳಿದಿರುತ್ತದೆ. ಕಣ್ಣೂರಿನ ಖಾಸಗಿ ಬಸ್ಸುಗಳು ನಿಮ್ಮನ್ನು ದಾಟಿದ ತಕ್ಷಣವೇ ಎಡಕ್ಕೆ ಎಳೆದು ನಿಲ್ಲಿಸುತ್ತವೆ. ನಿಂತ ಬಸ್ಸಿನ ಎಡಗಡೆ ನುಗ್ಗಬೇಡಿ, ಜನ ಇಳಿಯುವುದು ಅಲ್ಲೇ.

ನಾಲ್ಕನೇ ದಿನ ಕಣ್ಣೂರು ದಾಟಿ ವಳಪಟ್ಟಣಂ ಸೇತುವೆ. ಮಾಕುಟ್ಟದ ಕಾಡಿನಲ್ಲಿ ನೀವು ನೋಡಿದ ಬರಪೊಳೆ ಕೊನೆಗೆ ಸೇರುವುದು ಈ ನದಿಯನ್ನೇ. ಪಾಪಿನಿಶ್ಶೇರಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ಪಳಯಂಗಾಡಿ ರಸ್ತೆ ಹಿಡಿಯಿರಿ. ಉಪ್ಪುನೀರಿನ ಕೈಪಾಡ್ ಗದ್ದೆಗಳು, ಮೇಲೆ ಮಾಡಾಯಿಪ್ಪಾರದ ಮುರಕಲ್ಲಿನ ಬಯಲು. ಏಳಿಮಲೆಯ ಬಹುಭಾಗ ನೌಕಾ ಅಕಾಡೆಮಿಯ ಒಳಗಿದೆ, ಅತ್ತ ಹತ್ತಲು ಹೋಗಬೇಡಿ. ರಾತ್ರಿ ಪಯ್ಯನ್ನೂರಿನಲ್ಲಿ.

ಐದನೇ ದಿನ ಬರೀ 40 ಕಿ.ಮೀ., ಅದಕ್ಕೆ ಕಾರಣವಿದೆ. ಕವ್ವಾಯಿ ಸೇತುವೆ ದಾಟಿ ದ್ವೀಪ ನೋಡಿ, ತೃಕ್ಕರಿಪುರ, ಪಡನ್ನದ ಕಡೆಯಿಂದ ವಲಿಯಪರಂಬಕ್ಕೆ ಹೋಗಿ. ಒಂದು ಕಡೆ ಸಮುದ್ರ, ಒಂದು ಕಡೆ ಹಿನ್ನೀರು, ನಡುವೆ ತೆಂಗಿನ ತೋಪಿನ ಕಿರಿದಾದ ರಸ್ತೆ. ಇಲ್ಲಿ ಅವಸರ ಮಾಡುವುದು ಅನ್ಯಾಯ. ಮರಳಿನ ಮೇಲೆ ಸೈಕಲ್ ಓಡಿಸುವ ಆಸೆ ಬೇಡ. ಉಪ್ಪು ಮರಳು ಚೈನಿಗೆ ಸೇರಿದರೆ ಮರುದಿನವೇ ತುಕ್ಕು ಕಾಣುತ್ತದೆ. ಪ್ರತಿ ಸಂಜೆ ಒದ್ದೆ ಬಟ್ಟೆಯಿಂದ ಚೈನು ಒರೆಸಿ, ಒಣಗಿಸಿ, ಎರಡು ಹನಿ ಎಣ್ಣೆ ಬಿಡಿ. ಕಡವಿನಲ್ಲಿ ದೋಣಿ ಹತ್ತುವಾಗ ಬ್ಯಾಗು ಬಿಚ್ಚಿ ಸೈಕಲ್ ಬೇರೆಯಾಗಿ ಎತ್ತಿ, ಸಿಬ್ಬಂದಿ ಹೇಳಿದ ಕಡೆಯೇ ಇಡಿ. ಭಾರ ಒಂದೇ ಬದಿಗೆ ಬಿದ್ದರೆ ಸಣ್ಣ ದೋಣಿ ವಾಲುತ್ತದೆ. ಅಕ್ಟೋಬರ್ ಕೊನೆಯಿಂದ ಮೇ ತನಕ ಇಲ್ಲಿ ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂ ಕಾಲ. ಹತ್ತಿರದ ಕಾವಿನಲ್ಲಿ (ದೇವರ ಬನದಲ್ಲಿ) ಇದೆಯೇ ಎಂದು ನೀವು ತಂಗಿದ ಕಡೆ ವಿಚಾರಿಸಿ.

ಆರನೇ ದಿನ ನೀಲೇಶ್ವರದಿಂದ ಕಾಞಂಗಾಡ್, ಅಲ್ಲಿಂದ ಕರಾವಳಿ ಬದಿಯ ರಾಜ್ಯ ಹೆದ್ದಾರಿಯಲ್ಲಿ ಬೇಕಲ. ಕೋಟೆ ಕಟ್ಟಿಸಿದ್ದು ಇಕ್ಕೇರಿಯ ಶಿವಪ್ಪ ನಾಯಕ. ಚಂದ್ರಗಿರಿ ಹೊಳೆ ದಾಟಿದರೆ ಕಾಸರಗೋಡು, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಊರು.

ಹಿಂದಿರುಗಲು ಸೈಕಲನ್ನು ರೈಲಿಗೆ ಹಾಕುವುದಾದರೆ ಮಂಗಳೂರು ಸೆಂಟ್ರಲ್‌ನಿಂದಲೇ ಹೊರಡುವ ಗಾಡಿ ಆರಿಸಿ. ಕಾಸರಗೋಡಿನಂಥ ನಡುವಿನ ನಿಲ್ದಾಣಗಳಲ್ಲಿ ಗಾಡಿ ಕೆಲವೇ ನಿಮಿಷ ನಿಲ್ಲುವುದರಿಂದ ಸೈಕಲ್ ಪ್ಲಾಟ್‌ಫಾರ್ಮಿನಲ್ಲೇ ಉಳಿಯುವ ಸಂಭವ ಹೆಚ್ಚು. ಎರಡು ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ, ನಿಮ್ಮ ಟಿಕೆಟ್ ಮತ್ತು ಗುರುತಿನ ಚೀಟಿಯ ಪ್ರತಿ ಕೊಟ್ಟು ಲಗೇಜ್ ಎಂದು ಬುಕ್ ಮಾಡಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ಅಡ್ಡ ತಿರುಗಿಸಿ, ಗೇರು ಬದಲಿಸುವ ಹಿಂದಿನ ಡಿರೇಲರ್‌ಗೆ ರಟ್ಟು ಸುತ್ತಿ ಕಟ್ಟಿ. ತಲುಪುವ ನಿಲ್ದಾಣದ ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿಯನ್ನು ಒಂದೇ ಕಡೆ ಅಲ್ಲ, ಎರಡು ಕಡೆ ಕಟ್ಟಿ. ರಸೀದಿ ಕೈಯಲ್ಲಿರಲಿ, ಇಳಿದ ಮೇಲೆ ಅದಿಲ್ಲದೆ ಸೈಕಲ್ ಕೊಡುವುದಿಲ್ಲ.