ಸೂಪರ್‌ಹೀರೋ ಸಿನಿಮಾ ನೋಡುವ ಮೊದಲು ಒಂದು ಪ್ರಶ್ನೆ

ಸೂಪರ್‌ಹೀರೋ ಸಿನಿಮಾ ಶುರುವಾಗುವ ಮೊದಲು ಹೀರೋ ಹಾಕಿರುವ ವೇಷ ಮರೆತು, ಇದು ಯಾವ ಥರದ ಕಥೆ ಅಂತ ಕೇಳಿಕೊಳ್ಳಿ. ಕಳ್ಳತನದ್ದಾ, ಪತ್ತೇದಾರಿಯಾ, ತಮಾಷೆಯಾ? ಆಮೇಲೆ ಅದೇ ಥರದ ಸಿನಿಮಾಗಳ ಜೊತೆ ಮಾತ್ರ ಹೋಲಿಸಿ. 2015ರ ‘ಆಂಟ್‌ಮ್ಯಾನ್’ ಅನ್ನು ಕಳ್ಳತನದ ಸಿನಿಮಾ ಅಂತ, 2017ರ ‘ಲೋಗನ್’ ಅನ್ನು ವೆಸ್ಟರ್ನ್, ಅಂದ್ರೆ ಕೌಬಾಯ್ ಸಿನಿಮಾ ಅಂತ ನೋಡಿ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಯಾಕಂದ್ರೆ ನಮ್ಮ ಮುನಿಸು ಎಷ್ಟೋ ಸಲ ಸಿನಿಮಾ ಮೇಲಲ್ಲ, ತಲೆಯಲ್ಲಿ ಮೊದಲೇ ಕೂತಿರುವ ಹೀರೋ ಹಾಗೆ ಇವನಿಲ್ಲವಲ್ಲ ಅನ್ನುವುದರ ಮೇಲೆ. ಬ್ಯಾಟ್‌ಮ್ಯಾನ್ ಕಾಮಿಕ್ಸ್‌ಗೆ ಬಂದಿದ್ದು 1939ರಲ್ಲಿ. 1966ರ ಟೀವಿ ಸರಣಿಯಲ್ಲಿ ಅವನು ಗುದ್ದಿದರೆ ತೆರೆ ತುಂಬಾ ಬಣ್ಣಬಣ್ಣದ ‘ಪವ್’ ಅಕ್ಷರ ಹಾರುತ್ತಿತ್ತು. 2008ರ ‘ದಿ ಡಾರ್ಕ್ ನೈಟ್’ನಲ್ಲಿ ಅದೇ ಮನುಷ್ಯ ನಗುವುದೇ ಕಡಿಮೆ. ಇಬ್ಬರೂ ಅವನೇ ಅಲ್ವಾ? (ಮಾರ್ವೆಲ್, ಡಿಸಿ ಅಂತ ಎರಡು ಕಾಮಿಕ್ಸ್ ಕಂಪನಿಗಳ ಪಕ್ಷ ಕಟ್ಟಿ ಜಗಳ ಆಡುವವರಿಗೆ ಈ ಉಪಾಯ ಇನ್ನೂ ಜಾಸ್ತಿ ಬೇಕು.) ಆದರೆ ಹಿಂದಿನ ನಾಲ್ಕೈದು ಭಾಗ ನೋಡದಿದ್ದರೆ ಅರ್ಥವೇ ಆಗದ ಸಿನಿಮಾಗೆ ಇದು ನಡೆಯುವುದಿಲ್ಲ, ಅದನ್ನು ಧಾರಾವಾಹಿಯ ಒಂದು ಕಂತು ಅಂತಲೇ ನೋಡಬೇಕು. ಇನ್ನು ಚಿತ್ರಕಥೆಯೇ ಸೊರಗಿದ್ದರೆ ಅದು ಯಾವ ಲೆಕ್ಕದಲ್ಲೂ ಕೆಟ್ಟ ಸಿನಿಮಾನೇ. ಸುಮ್ನೆ ಬೈದುಬಿಡಿ.