ಅತಿಥಿ ಹೋದ ಮೇಲೆ ಗೂಟದಲ್ಲಿ ಉಳಿದದ್ದು

ತೀರ್ಥಹಳ್ಳಿಯ ಕಡೆ ನಮ್ಮದು ಮೂರು ಕೋಣೆಗಳ ಹೋಂಸ್ಟೇ. ಎರಡು ದಿನ ಇದ್ದ ಅತಿಥಿಗಳು ಹೊರಟ ಮೇಲೆ ಬಾಗಿಲ ಹಿಂದಿನ ಗೂಟದಲ್ಲಿ ಟವೆಲ್, ಗೋಡೆಯ ಪ್ಲಗ್ಗಿನಲ್ಲಿ ಚಾರ್ಜರ್, ಬಚ್ಚಲ ಹಂಡೆಯ ಕಟ್ಟೆಯ ಮೇಲೆ ಉಂಗುರ ಉಳಿಯುವುದು ಮಾಮೂಲು. ಅವನ್ನು ತಲುಪಿಸುವುದಕ್ಕೂ ಒಂದು ಕ್ರಮವಿದೆ. ಅದು ತಪ್ಪಿದರೆ ಉಪಕಾರ ಮಾಡಲು ಹೋಗಿ ಜಗಳ ಕಟ್ಟಿಕೊಂಡಂತೆ.

ಅರ್ಧ ಕೆಲಸ ಕಾರು ದಣಪೆ ದಾಟುವ ಮುನ್ನವೇ ಮುಗಿಯಬೇಕು. ಅತಿಥಿಗಳು ಜಗಲಿಯಲ್ಲಿ ಕಾಫಿ ಕುಡಿಯುತ್ತ ಲೆಕ್ಕ ಚುಕ್ತಾ ಮಾಡುವಾಗ, ಅವರಿಗೆ ಹೇಳಿಯೇ ಮನೆಯವರೊಬ್ಬರು ಕೋಣೆಯನ್ನು ಒಮ್ಮೆ ಸುತ್ತಿ ಬರಲಿ. ಗೂಟ, ಪ್ಲಗ್, ದಿಂಬಿನ ಅಡಿ, ಕಿಟಕಿಯ ದಂಡೆ, ಬಚ್ಚಲು, ಫ್ರಿಜ್. ಮಳೆಗಾಲವಾದರೆ ಬಚ್ಚಲೊಲೆಯ ಮೇಲಿನ ಹಗ್ಗವನ್ನೂ ನೋಡಿ: ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಿ ತಂದ ಉದ್ದನೆಯ ಕಾಲುಚೀಲಗಳು ಅಲ್ಲೇ ನೇತಾಡುತ್ತಿರುತ್ತವೆ. ಆಗುಂಬೆಯ 14 ತಿರುವುಗಳನ್ನು ಇಳಿದ ಮೇಲೆ ಯಾರೂ ಕಾಲುಚೀಲಕ್ಕಾಗಿ ಘಾಟಿ ಹತ್ತಿ ಬರುವುದಿಲ್ಲ.

ಆಮೇಲೆ ಸಿಕ್ಕಿದ್ದನ್ನು ಇದ್ದ ಜಾಗದಲ್ಲೇ ಫೋಟೊ ತೆಗೆದು, ದಿನಾಂಕ ಮತ್ತು ಕೋಣೆಯ ಹೆಸರು ಬರೆದ ಲಕೋಟೆಗೆ ಹಾಕಿ. ಒಂದೇ ದಿನ ಎರಡು ಕುಟುಂಬ ಹೊರಟಾಗ ನಾನು ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ಕಳುಹಿಸಿದ್ದೇನೆ.

ನಿಜವಾದ ಜಾಣ್ಮೆ ಬೇಕಾಗುವುದು ತಿಳಿಸುವಾಗ. ಕೋಣೆ ಕಾದಿರಿಸಿದವರಿಗೆ ಮಾತ್ರ, ಅದೂ ಅವರು ಕೊಟ್ಟ ಮೊಬೈಲಿಗೆ ಮಾತ್ರ ಹೀಗೆ ಬರೆಯಿರಿ: ‘ನಿಮ್ಮ ಕೋಣೆಯಲ್ಲಿ ಒಂದು ವಸ್ತು ಉಳಿದಿದೆ. ಏನು ಬಿಟ್ಟಿದ್ದೀರಿ ಎಂದು ತಿಳಿಸುವಿರಾ?’ ಫೋಟೊ ಕಳುಹಿಸಬೇಡಿ. ಉಂಗುರದ ಕಲ್ಲಿನ ಬಣ್ಣ ಅವರ ಬಾಯಿಂದಲೇ ಬರಲಿ. ಇನ್ನೊಂದು ಕಾರಣವೂ ಇದೆ. ಯಾರು ಯಾರೊಡನೆ ಬಂದಿದ್ದರು, ಏನು ಔಷಧ ತೆಗೆದುಕೊಳ್ಳುತ್ತಾರೆ ಎಂಬುದು ಅವರ ಮನೆಯವರಿಗೆ ನಮ್ಮಿಂದ ಗೊತ್ತಾಗಬಾರದು. ಇನ್ಸುಲಿನ್ ಸಿಕ್ಕಿದರೆ ಮಾತ್ರ ಈ ಒಗಟು ಬೇಡ. ಕೂಡಲೇ ಫೋನ್ ಮಾಡಿ ಅವರಿಗೇ ತಿಳಿಸಿ, ದಾರಿಯ ಊರಿನಲ್ಲಿ ಹೊಸದು ಕೊಳ್ಳಲಿ.

ಕಾನೂನಿನ ಮಾತು ಚಿಕ್ಕದು. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಮಿನಂತೆ, ಸಿಕ್ಕ ವಸ್ತುವನ್ನು ವಶಕ್ಕೆ ತೆಗೆದುಕೊಂಡವರು ಅದನ್ನು ಕಾಪಾಡುವ ಹೊಣೆಯನ್ನೂ ಹೊರುತ್ತಾರೆ. ಅಪ್ರಾಮಾಣಿಕವಾಗಿ ಸ್ವಂತಕ್ಕೆ ಮಾಡಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಕಾದಿದೆ.

ಕಳುಹಿಸುವ ಖರ್ಚು ಯಾರದ್ದೆಂದು ಪ್ಯಾಕ್ ಮಾಡುವ ಮೊದಲೇ ಮಾತಾಡಿಕೊಳ್ಳಿ. ಸಂಕೋಚಪಟ್ಟರೆ ಕೈಯಿಂದ ಹೋಗುತ್ತದೆ. ಆಧಾರ್‌ನಂಥ ದಾಖಲೆಗಳಿಗೆ ಸ್ಪೀಡ್ ಪೋಸ್ಟ್ ಸಾಕು, ರಸೀದಿಯ ಸಂಖ್ಯೆಯನ್ನು ಅವರಿಗೂ ಕೊಡಿ. ಕನ್ನಡಕವನ್ನು ಎರಡು ಅಡಿಕೆ ಹಾಳೆಯ ಬಟ್ಟಲುಗಳ ನಡುವೆ ಇಟ್ಟು ದಾರ ಸುತ್ತಿದರೆ ಯಾವ ಡಬ್ಬಿಯೂ ಬೇಡ. ಪವರ್ ಬ್ಯಾಂಕಿನಲ್ಲಿರುವುದು ಲಿಥಿಯಂ ಬ್ಯಾಟರಿ, ವಿಮಾನದ ಸರಕಿನಲ್ಲಿ ಅದಕ್ಕೆ ನಿರ್ಬಂಧಗಳಿವೆ. ರಸ್ತೆಯಲ್ಲೇ ಹೋಗುವ ಪಾರ್ಸೆಲ್ ಸೇವೆ ಹುಡುಕಿ, ಒಳಗೇನಿದೆ ಎಂದು ಕೌಂಟರಿನಲ್ಲಿ ಹೇಳಿ ಕೊಡಿ. ಚಿನ್ನವನ್ನು ವಿಮೆಯಿಲ್ಲದೆ ಅಂಚೆಗೆ ಹಾಕಬೇಡಿ. ನನ್ನನ್ನು ಕೇಳಿದರೆ, ಬೀರುವಿನಲ್ಲಿಟ್ಟು ‘ನೀವೇ ಬನ್ನಿ, ಊಟ ನಮ್ಮದು’ ಎನ್ನುವುದೇ ಕ್ಷೇಮ.

ಬಟ್ಟೆಯದ್ದು ಬೇರೆಯೇ ಕಥೆ. ಆಷಾಢದ ತೇವದಲ್ಲಿ ಅರೆ ಒಣಗಿದ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆಂಗಳೂರು ಮುಟ್ಟುವಾಗ ಬೂಷ್ಟು ಹಿಡಿದಿರುತ್ತದೆ. ಪೂರ್ತಿ ಒಣಗಿಸಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿ. ಆದರೆ ಕೇಳದೆ ತೊಳೆಯಬೇಡಿ. ಒಮ್ಮೆ ಪುಟ್ಟ ಮಗುವೊಂದು ಅಜ್ಜಿಯ ಹಳೆಯ ಸೀರೆಯ ತುಂಡನ್ನು ಬಿಟ್ಟು ಹೋಗಿತ್ತು. ನಾನು ಮುತುವರ್ಜಿಯಿಂದ ಒಗೆದು, ಒಲೆಯ ಶಾಖದಲ್ಲಿ ಒಣಗಿಸಿ ಕಳುಹಿಸಿದೆ. ಮಾರನೆಯ ವಾರ ತಾಯಿಯ ಫೋನ್ ಬಂತು. ಅದರಲ್ಲಿ ಹೊಗೆಯ ವಾಸನೆ ಇದೆ, ತನ್ನದಲ್ಲವೆಂದು ಮಗು ಎಸೆದಿತ್ತಂತೆ. ನಾನು ಕ್ಷಮೆ ಕೇಳಿದೆ, ಇನ್ನೇನು ಮಾಡಲಿ?

ಯಾರೂ ಕೇಳದ ವಸ್ತುಗಳನ್ನು ನಾವು ಮೂರು ತಿಂಗಳು ಇಡುತ್ತೇವೆ, ಹಾಗೆಂದು ಕೋಣೆಯ ಸೂಚನಾ ಹಾಳೆಯಲ್ಲೇ ಬರೆದಿದ್ದೇವೆ. ಬೆಲೆಬಾಳುವುದಾದರೆ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವು ಜಗಲಿಯ ಮೂಲೆಯಲ್ಲಿ ನಿಂತಿವೆ, ಮಳೆಗೆ ಸಿಕ್ಕ ಮುಂದಿನ ಅತಿಥಿ ತೆಗೆದುಕೊಂಡು ಹೋಗುತ್ತಾರೆ, ಕೆಲವರು ತಮ್ಮದನ್ನು ಬಿಟ್ಟು.